ಪುಣೆಯ ಲ್ಯಾಬಿಗೆ ಕೆಮಿಕಲ್ ತರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪುಣೆಯ ಒಂದು ಕಾಲೇಜಿನ ಕೆಮಿಸ್ಟ್ರಿ ವಿಭಾಗದ ಸ್ಟೋರ್ ನೋಡಿಕೊಳ್ಳುತ್ತೇನೆ. ಊರು ವಿಜಯಪುರದ ಕಡೆ. ಪ್ರತಿ ವರ್ಷ ಜುಲೈ ಬಂತೆಂದರೆ ಬೆಳಗಾವಿ, ಕಲಬುರಗಿ, ಧಾರವಾಡದಿಂದ ಎಂಎಸ್ಸಿಗೆ, ಪಿಎಚ್‌ಡಿಗೆ ಹುಡುಗರು ಬರುತ್ತಾರೆ. ಸ್ಟೋರಿನ ಕಿಟಕಿ ಹತ್ತಿರ ನಿಂತು ಮೊದಲು ಅಳುಕುತ್ತಾ ಹಿಂದಿಯಲ್ಲಿ ಮಾತಾಡುತ್ತಾರೆ, ಆಮೇಲೆ ನನ್ನ ಉಚ್ಚಾರ ಕೇಳಿ "ಕಾಕಾ, ನೀವು ಕನ್ನಡದವ್ರೇನ್ರೀ?" ಅನ್ನುತ್ತಾರೆ. ಅಲ್ಲಿಂದ ಪ್ರಶ್ನೆಗಳ ಸುರಿಮಳೆ. ಕೇಳಿದ್ದನ್ನೇ ಕೇಳುತ್ತಾರೆ, ನಾನೂ ಹೇಳಿದ್ದನ್ನೇ ಹೇಳುತ್ತೇನೆ. ಅದಕ್ಕೇ ಒಮ್ಮೆ ಬರೆದಿಟ್ಟುಬಿಟ್ಟೆ.

ನನಗೊಂದು ಕೆಮಿಕಲ್ ಬೇಕು. ಎಲ್ಲಿಂದ ಶುರು ಮಾಡಲಿ?

ಸ್ಟೋರಿನಿಂದಲೇ. ಮೊದಲು ಅದು ನಮ್ಮಲ್ಲಿ ಇದೆಯಾ ಅಂತ ಕೇಳಿ. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಯಾರೂ ಮಾಡುವುದಿಲ್ಲ. ಪಕ್ಕದ ಲ್ಯಾಬಿನ ಕಪಾಟಿನಲ್ಲಿ ಸೀಲ್ ಒಡೆಯದ ಬಾಟಲಿ ಕೂತಿರುತ್ತದೆ, ಇವರು ಹೊಸದಕ್ಕೆ ಕಾಗದ ಓಡಿಸುತ್ತಿರುತ್ತಾರೆ.

ಇಲ್ಲ ಅಂತಾದರೆ ಇಂಡೆಂಟ್, ಅಂದರೆ ಬೇಡಿಕೆಯ ಕಾಗದ ಬರೆದು ಗೈಡ್ ಸಹಿ, ಆಮೇಲೆ ವಿಭಾಗದ ಮುಖ್ಯಸ್ಥರ ಸಹಿ. ಅಲ್ಲಿಂದ ಅಂಗಡಿಗಳು ದರ ಬರೆದುಕೊಡುವ ಕೊಟೇಶನ್, ಅವುಗಳ ಹೋಲಿಕೆ ಪಟ್ಟಿ, ಮಂಜೂರಾತಿ, ಪರ್ಚೇಸ್ ಆರ್ಡರ್. ಸಾಮಾನು ಬಂದ ಮೇಲೆ ಚಲನ್, ಸ್ಟಾಕ್ ಎಂಟ್ರಿ, ಬಿಲ್. ಇಷ್ಟೇ ದಾರಿ.

ಆಫೀಸಿನಲ್ಲಿ ಇವಕ್ಕೆಲ್ಲ ಮರಾಠಿ ಹೆಸರಿದೆ, ಮೊದಲೇ ತಿಳಿದುಕೊಂಡರೆ ಪೇಚಾಡುವುದು ತಪ್ಪುತ್ತದೆ. ಇಂಡೆಂಟ್ ಅಂದರೆ ಮಾಗಣಿ ಪತ್ರ. ಕೊಟೇಶನ್ ಅಂದರೆ ದರಪತ್ರಕ. ಹೋಲಿಕೆ ಪಟ್ಟಿ ತುಲನಾತ್ಮಕ ತಕ್ತಾ. ಕಾಗದ ಒಳಗೆ ಬರುವ, ಹೊರಗೆ ಹೋಗುವ ಮೇಜು ಆವಕ್-ಜಾವಕ್. ಆ ಮೇಜಿನಲ್ಲಿ ನಂಬರ್ ಬೀಳದ ಕಾಗದ ಇದ್ದೂ ಇಲ್ಲದ ಹಾಗೆ. ನಂಬರ್ ಬರೆದುಕೊಳ್ಳದೆ ವಾಪಸ್ ಬರಬೇಡಿ. "ಉದ್ಯಾ ಯಾ" ಅಂದರೆ ನಾಳೆ ಬನ್ನಿ ಅಂತ, ಅದನ್ನಂತೂ ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಇಂಡೆಂಟ್‌ನಲ್ಲಿ ಹೆಸರು ಬರೆದರೆ ಸಾಲದಾ?

ಸಾಲದು. ಒಂದು ಕಥೆ ಹೇಳುತ್ತೇನೆ.

ಒಂದು ವರ್ಷ ಬಿಎಸ್ಸಿ ಪ್ರಾಕ್ಟಿಕಲ್‌ಗೆ ಆಕ್ಸಾಲಿಕ್ ಆಸಿಡ್ ತರಿಸಿದೆವು. ಇಂಡೆಂಟ್‌ನಲ್ಲಿ ಅಷ್ಟೇ ಬರೆದಿತ್ತು, "ಆಕ್ಸಾಲಿಕ್ ಆಸಿಡ್, 500 ಗ್ರಾಂ". ಬರೆದವನು ನಾನೇ. ಅಸಿಸ್ಟೆಂಟ್ ಎಂದಿನಂತೆ ಲೀಟರಿಗೆ 6.3 ಗ್ರಾಂ ತೂಗಿ 0.1 ನಾರ್ಮಲ್ ದ್ರಾವಣ ಮಾಡಿದ. ಹುಡುಗರು ಟೈಟ್ರೇಶನ್‌ಗೆ ಕೂತರು. 10 ಮಿಲಿಗೆ ಅಷ್ಟೇ ಗಟ್ಟಿಯ ಪರ್ಮ್ಯಾಂಗನೇಟ್ 10 ಮಿಲಿ ಹೋಗಬೇಕಿತ್ತು, ಅಲ್ವಾ? ಎಲ್ಲರಿಗೂ 14 ಬರುತ್ತಿದೆ. ಮೊದಲು ಬ್ಯೂರೆಟ್ ಸೋರುತ್ತಿದೆ ಅಂದರು. ಆಮೇಲೆ ಪರ್ಮ್ಯಾಂಗನೇಟ್ ಹಳೆಯದು ಅಂದರು. ಹೊಸದು ಮಾಡಿದರೂ 14. ಮೇಡಂ ಸ್ಟೋರಿಗೆ ಬಂದು ಬಾಟಲಿ ತಿರುಗಿಸಿ ನೋಡಿದರು. ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ "ಅನ್‌ಹೈಡ್ರಸ್" ಅಂತ ಇತ್ತು. ನಾವು ಯಾವಾಗಲೂ ಬಳಸುವುದು ಡೈಹೈಡ್ರೇಟ್, ಅಂದರೆ ಹರಳಿನಲ್ಲಿ ನೀರು ಸೇರಿರುವುದು, ಅದರ ಅಣುತೂಕ 126. ನೀರಿಲ್ಲದ್ದು 90. 126ನ್ನು 90ರಿಂದ ಭಾಗಿಸಿದರೆ 1.4. ಹುಡುಗರ ರೀಡಿಂಗ್ ಸರಿಯಾಗೇ ಇತ್ತು, ತಪ್ಪಿದ್ದು ನನ್ನ ಒಂದು ಸಾಲು. ಸಪ್ಲೈಯರ್‌ಗೆ ಬೈಯಲೂ ಆಗಲಿಲ್ಲ, ಕೇಳಿದ್ದನ್ನೇ ಕೊಟ್ಟಿದ್ದ.

ಈಗ ಹೀಗೆ ಬರೆಯುತ್ತೇನೆ: ಆಕ್ಸಾಲಿಕ್ ಆಸಿಡ್ ಡೈಹೈಡ್ರೇಟ್, ಎಆರ್ ಗ್ರೇಡ್, ಕ್ಯಾಸ್ ನಂಬರ್ 6153-56-6, 500 ಗ್ರಾಂ ಪ್ಯಾಕ್, 2 ಬಾಟಲಿ. ಕ್ಯಾಸ್ ನಂಬರ್ ಅಂದರೆ ಪ್ರತಿ ಕೆಮಿಕಲ್‌ಗೂ ಇರುವ ಗುರುತಿನ ಸಂಖ್ಯೆ. ನೀರಿಲ್ಲದ್ದರ ಕ್ಯಾಸ್ ನಂಬರ್ 144-62-7, ಅಂದರೆ ನಂಬರ್ ಒಂದೇ ಸಾಕು, ಗೊಂದಲ ಇರುವುದಿಲ್ಲ. ಕಾಪರ್ ಸಲ್ಫೇಟ್, ಸೋಡಿಯಂ ಕಾರ್ಬೋನೇಟ್, ಸೋಡಿಯಂ ಥಯೋಸಲ್ಫೇಟ್, ಇವೆಲ್ಲ ಇದೇ ಜಾತಿಯವು. ಆಸಿಡ್ ಆದರೆ ಶೇಕಡಾವಾರು ಬರೆಯಿರಿ. ಪುಡಿಯಾ, ಹರಳಾ, ಗುಳಿಗೆಯಾ ಅನ್ನುವುದೂ ಮುಖ್ಯ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಫ್ಲೇಕ್ಸ್ ಬಂದು ಪೆಲೆಟ್ಸ್ ಬೇಕಿತ್ತು ಅಂತ ಜಗಳ ಆಗಿದ್ದೂ ಇದೆ.

ಎಲ್ಆರ್, ಎಆರ್, ಎಚ್‌ಪಿಎಲ್‌ಸಿ: ಯಾವುದು ಬರೆಯಲಿ?

ಇವು ಶುದ್ಧತೆಯ ದರ್ಜೆಗಳು, ಎಲ್ಆರ್ ಮಾಮೂಲಿ, ಎಆರ್ ಅದಕ್ಕಿಂತ ಶುದ್ಧ. ಕೆಲಸ ನೋಡಿ ಬರೆಯಿರಿ. ಗ್ಲಾಸ್‌ವೇರ್ ತೊಳೆಯುವ ಅಸಿಟೋನ್‌ಗೆ ಎಲ್ಆರ್ ಧಾರಾಳ. ಸಾಲ್ಟ್ ಅನಾಲಿಸಿಸ್‌ಗೂ ಎಲ್ಆರ್ ನಡೆಯುತ್ತದೆ. ಸ್ಟ್ಯಾಂಡರ್ಡ್ ದ್ರಾವಣಕ್ಕೆ ಎಆರ್. ಎಚ್‌ಪಿಎಲ್‌ಸಿ, ಅಂದರೆ ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಮಶೀನಿಗೆ ಮಾತ್ರ ಆ ಗ್ರೇಡಿನ ಸಾಲ್ವೆಂಟ್, ಅಲ್ಲಿ ಉಳಿತಾಯ ಮಾಡಲು ಹೋದರೆ ಕಾಲಮ್ ಹಾಳಾಗಿ ಸಾಲ್ವೆಂಟಿನ ಹತ್ತು ಪಟ್ಟು ದುಡ್ಡು ಹೋಗುತ್ತದೆ. "ಎಲ್ಲದಕ್ಕೂ ಎಆರ್ ಇರಲಿ ಕಾಕಾ" ಅನ್ನುವವರು ಇದ್ದಾರೆ. ಗ್ರಾಂಟ್ ನಿಮ್ಮದು, ನನಗೇನು. ಆದರೆ ಫೆಬ್ರವರಿಯಲ್ಲಿ ದುಡ್ಡು ಮುಗೀತು ಅಂತ ಬರುವವರೂ ಅವರೇ.

ಮೂರು ಕೊಟೇಶನ್ ಯಾಕೆ? ಒಂದು ಅಂಗಡಿಗೆ ಫೋನ್ ಮಾಡಿ ತರಿಸಿದರೆ ಆಗಲ್ವಾ?

ಸಣ್ಣ ಮೊತ್ತಕ್ಕೆ ಆಗುತ್ತದೆ. ಎಷ್ಟರವರೆಗೆ ಅನ್ನುವುದು ನೀವು ಯಾವ ಸಂಸ್ಥೆಯಲ್ಲಿ ಇದ್ದೀರಿ, ದುಡ್ಡು ಯಾವ ಖಾತೆಯಿಂದ ಬರುತ್ತಿದೆ ಎಂಬುದರ ಮೇಲೆ. ಕೇಂದ್ರದ ಸಂಸ್ಥೆಗಳಿಗೆ 2017ರ ಜಿಎಫ್ಆರ್, ಅಂದರೆ ಸಾಮಾನ್ಯ ಹಣಕಾಸು ನಿಯಮ. ಪುಣೆಯ ಪಾಷಾಣ್ ಬಡಾವಣೆ ಕಡೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಂದರೆ ಎನ್‌ಸಿಎಲ್‌ನಂಥ ವಿಜ್ಞಾನ ಸಂಸ್ಥೆಗಳಿಗೆ 2025ರ ಜೂನ್‌ನಲ್ಲಿ ಕೊಟೇಶನ್ ಇಲ್ಲದ ಖರೀದಿಯ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದರು. ನಿಮ್ಮ ಗೆಳೆಯ ಅಲ್ಲಿದ್ದಾನೆ, ಅವನಿಗೆ ಎರಡು ದಿನದಲ್ಲಿ ಬಂತು ಅಂತ ಇಲ್ಲಿ ಬಂದು ಹೇಳಬೇಡಿ. ರಾಜ್ಯದ ವಿಶ್ವವಿದ್ಯಾಲಯ, ಅನುದಾನಿತ ಕಾಲೇಜು, ಇವುಗಳ ಲೆಕ್ಕವೇ ಬೇರೆ, ಮಿತಿಯೂ ಬೇರೆ. ಅಕೌಂಟ್ಸ್ ಸೆಕ್ಷನ್ನಿನಲ್ಲಿ ಈ ವರ್ಷದ ಮಿತಿ ಕೇಳಿ, ಅಂಕಿ ಬದಲಾಗುತ್ತಾ ಇರುತ್ತದೆ.

ಒಂದು ಮಾತು. ದೊಡ್ಡ ಆರ್ಡರನ್ನು ಮಿತಿಯೊಳಗೆ ತರಲು ನಾಲ್ಕು ಚೂರು ಮಾಡುವ ಜಾಣತನ ಬೇಡ. ಒಂದೇ ವಾರ, ಒಂದೇ ಅಂಗಡಿ, ಒಂದೇ ಕೆಮಿಕಲ್, ನಾಲ್ಕು ಬಿಲ್. ಆಡಿಟ್‌ನವರು ಮೊದಲು ಹುಡುಕುವುದೇ ಅದನ್ನು. ಇನ್ನೊಂದು, ಮೂರು ಕೊಟೇಶನ್‌ನ ಕಾಗದ ಬೇರೆ ಬೇರೆ ಇದ್ದು, ಕಾಗುಣಿತದ ತಪ್ಪು ಮೂರರಲ್ಲೂ ಒಂದೇ ಇದ್ದರೆ ನನಗೇ ಗೊತ್ತಾಗುತ್ತದೆ, ಆಡಿಟರ್‌ಗೆ ಗೊತ್ತಾಗಲ್ವಾ?

ಜೆಮ್ ಪೋರ್ಟಲ್‌ನಲ್ಲೇ ತಗೋಬೇಕಾ?

2016ರಲ್ಲಿ ಶುರುವಾದ ಸರ್ಕಾರಿ ಖರೀದಿ ಪೋರ್ಟಲ್ ಅದು. ಅಲ್ಲಿ ಸಿಗುವ ಸಾಮಾನನ್ನು ಕೇಂದ್ರದ ಸಂಸ್ಥೆಗಳು ಅಲ್ಲೇ ಕೊಳ್ಳಬೇಕು ಅಂತ ಜಿಎಫ್ಆರ್ 149ನೇ ನಿಯಮ. ಕೈಗವಸು, ಟಿಶ್ಯೂ, ಫಿಲ್ಟರ್ ಪೇಪರ್, ಕಂಪ್ಯೂಟರ್ ಇವಕ್ಕೆಲ್ಲ ಸರಿ. ನಿರ್ದಿಷ್ಟ ಕ್ಯಾಸ್ ನಂಬರಿನ, 5 ಗ್ರಾಂ ಪ್ಯಾಕಿನ ಕೆಮಿಕಲ್ ಹುಡುಕಲು ಹೋದರೆ ತಲೆ ಕೆಡುತ್ತದೆ. ಅಲ್ಲಿ ಇಲ್ಲ ಅಂತಾದರೆ, ಇಲ್ಲ ಅಂತ ಪೋರ್ಟಲ್ ಕೊಡುವ ವರದಿಯ ಪ್ರಿಂಟ್ ತೆಗೆದು ಫೈಲಿಗೆ ಹಚ್ಚಿ. 2025ರ ಜೂನ್ ಆದೇಶದಲ್ಲಿ ಸಂಶೋಧನೆಯ ವಿಶೇಷ ಸಾಮಾನನ್ನು ಜೆಮ್ ಬಿಟ್ಟು ಕೊಳ್ಳುವ ಅಧಿಕಾರವನ್ನು ಅಂಥ ವಿಜ್ಞಾನ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿದ್ದಾರೆ, ಅದರ ಪ್ರತಿಯೂ ಫೈಲಿನಲ್ಲಿ ಇದ್ದರೆ ಒಳ್ಳೆಯದು.

ನನಗೆ ಒಂದೇ ಕಂಪನಿಯ ಮಾಲೇ ಬೇಕು.

ಕಾರಣ ಇದ್ದರೆ ಪ್ರೊಪ್ರೈಟರಿ ಸರ್ಟಿಫಿಕೇಟ್ ಬರೆಯಬಹುದು. ಮೂರು ವರ್ಷದಿಂದ ಒಂದೇ ಕಿಟ್‌ನಲ್ಲಿ ರೀಡಿಂಗ್ ತೆಗೆದಿದ್ದೀರಿ, ಈಗ ಬದಲಾಯಿಸಿದರೆ ಹಳೆಯ ಡೇಟಾ ಜೊತೆ ಹೋಲಿಸಲು ಆಗುವುದಿಲ್ಲ. ಇದು ಕಾರಣ. "ಗೈಡ್‌ಗೆ ಈ ಬ್ರ್ಯಾಂಡ್ ಇಷ್ಟ" ಕಾರಣ ಅಲ್ಲ. ಉಪ್ಪು, ಆಸಿಡ್, ಮಾಮೂಲಿ ಸಾಲ್ವೆಂಟ್‌ಗೆ ಇದು ನಡೆಯುವುದೇ ಇಲ್ಲ. ನಮ್ಮ ಪಕ್ಕದ ಮುಂಬೈಯಲ್ಲೇ ಎಸ್ಆರ್‌ಎಲ್, ಲೋಬಾ, ಹೈಮೀಡಿಯಾ ಅಂತ ಹಲವು ಕಂಪನಿಗಳಿವೆ, ದಿನನಿತ್ಯದ ಕೆಲಸಕ್ಕೆ ಯಾವುದಾದರೂ ಆದೀತು.

ಬೆಲೆಪಟ್ಟಿಯಲ್ಲಿ ಒಂದು ರೇಟು, ಬಿಲ್‌ನಲ್ಲಿ ಇನ್ನೊಂದು. ಮೋಸಾನಾ?

ಅಲ್ಲ, ಜಿಎಸ್‌ಟಿ. ಹೆಚ್ಚಿನ ಲ್ಯಾಬ್ ಕೆಮಿಕಲ್‌ಗೆ 18%. ಮೊದಲು ಸಂಶೋಧನಾ ಸಂಸ್ಥೆಗಳಿಗೆ ಸರ್ಟಿಫಿಕೇಟ್ ಕೊಟ್ಟರೆ 5% ಅಂತ ರಿಯಾಯಿತಿ ಇತ್ತು, ಅದು 2022ರ ಜುಲೈ 18ಕ್ಕೆ ನಿಂತಿತು. ಹಳೆಯ ಸೀನಿಯರ್‌ಗಳು ಇನ್ನೂ ಆ 5% ನೆನಪಲ್ಲೇ ಬಜೆಟ್ ಹಾಕಿಕೊಡುತ್ತಾರೆ, ನಂಬಬೇಡಿ. ಸಾಗಣೆ, ಪ್ಯಾಕಿಂಗ್, ಡ್ರೈ ಐಸ್ ಖರ್ಚು ಬೇರೆ. ಕೊಟೇಶನ್ ಕೇಳುವಾಗಲೇ "ಎಲ್ಲ ಸೇರಿ ಕಾಲೇಜಿಗೆ ತಲುಪಿಸಿ" ಅಂತ ಬರೆಯಿರಿ.

ಆಮದು ಮಾಲಿಗೆ ಕಸ್ಟಮ್ಸ್ ಕೂಡ ಇದೆ. 2024ರ ಜುಲೈ ಬಜೆಟ್‌ನಲ್ಲಿ ಲ್ಯಾಬ್ ಕೆಮಿಕಲ್ ಮೇಲಿನ ಸುಂಕವನ್ನು 10%ರಿಂದ ಒಮ್ಮೆಗೇ 150%ಗೆ ಏರಿಸಿದ್ದು ನೆನಪಿದೆಯಾ? ಆ ವಾರ ನಮ್ಮ ಸ್ಟೋರಿನ ಫೋನು ಬಾಯಿ ಮುಚ್ಚಲಿಲ್ಲ. ಆಗಸ್ಟ್ ಶುರುವಿನಲ್ಲಿ, ಲ್ಯಾಬಿನ ಸ್ವಂತ ಬಳಕೆಗೆ ಅಂತ ಬರೆದುಕೊಟ್ಟರೆ ಮತ್ತೆ 10% ಅಂದರು. ಹಾಗಾಗಿ ಸಪ್ಲೈಯರ್ ಒಂದು ಮುಚ್ಚಳಿಕೆ ಕಾಗದ ಕೇಳಿದರೆ ಗಾಬರಿಯಾಗಬೇಡಿ.

ಎಷ್ಟು ದಿನ ಆಗುತ್ತದೆ?

ಮುಂಬೈ, ಭಿವಂಡಿ ಗೋದಾಮಿನಲ್ಲಿ ಇದ್ದರೆ ಆರ್ಡರ್ ಹೋದ ಮೇಲೆ ನಾಲ್ಕೈದು ದಿನ. ಹೊರದೇಶದಿಂದ ಬರಬೇಕಾದರೆ ಆರರಿಂದ ಎಂಟು ವಾರ ಹಿಡಿಯಿರಿ. ಕಾಗದ ಓಡಾಡುವ ದಿನ ಇದರಲ್ಲಿ ಸೇರಿಲ್ಲ, ನಿಜವಾದ ತಡ ಅಲ್ಲೇ.

ಪುಣೆಯ ಕ್ಯಾಲೆಂಡರ್ ಬೇರೆ ನೋಡಬೇಕು. ಗಣಪತಿಯ ಹತ್ತು ದಿನ ಪೇಟೆಗಳ ಕಡೆ ಟೆಂಪೊ ಹೋಗುವುದು ಕಷ್ಟ, ವಿಸರ್ಜನೆಯ ದಿನ ಮತ್ತು ಮರುದಿನ ಏನೂ ಬರುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ ಇಡಬೇಕಾದ ಎಂಜೈಮ್ ಆ ವಾರಕ್ಕೆ ಆರ್ಡರ್ ಮಾಡಿದವರೊಬ್ಬರ ಡಬ್ಬಿ ಕೊರಿಯರ್ ಗೋದಾಮಿನಲ್ಲೇ ಮೂರು ದಿನ ಕೂತು, ತೆರೆದಾಗ ಐಸ್ ಇರಲಿ, ತಂಪು ಕೂಡ ಇರಲಿಲ್ಲ. ಮಾರ್ಚ್ ಇನ್ನೊಂದು ಜಾತ್ರೆ. 31ರೊಳಗೆ ದುಡ್ಡು ಖರ್ಚು ಮಾಡಲು ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಬೇಕಾದ್ದು ಡಿಸೆಂಬರ್‌ನಲ್ಲೇ ಬರೆದುಕೊಡಿ.

ಎಥನಾಲ್‌ಗೆ ಯಾಕೆ ಇಷ್ಟು ರಗಳೆ?

ಅದು ಹೆಂಡದಲ್ಲಿರುವ ಆಲ್ಕೊಹಾಲೇ, ಕುಡಿಯಬಹುದಾದ ವಸ್ತು, ಅದಕ್ಕೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಅಬ್ಸೊಲ್ಯೂಟ್ ಆಲ್ಕೊಹಾಲ್, ರೆಕ್ಟಿಫೈಡ್ ಸ್ಪಿರಿಟ್ ಇಟ್ಟುಕೊಳ್ಳಲು ಅಬಕಾರಿ ಇಲಾಖೆಯ ಪರವಾನಗಿ ಬೇಕು. ಇಲ್ಲಿ ಅದರ ಹೆಸರು ರಾಜ್ಯ ಉತ್ಪಾದನ ಶುಲ್ಕ ವಿಭಾಗ. ಪರವಾನಗಿ ಸಂಸ್ಥೆಯ ಹೆಸರಲ್ಲಿ ಇರುತ್ತದೆ, ವಿದ್ಯಾರ್ಥಿ ನೇರವಾಗಿ ತರಿಸಲು ಬರುವುದಿಲ್ಲ. ಎಷ್ಟು ಬಂತು, ಎಷ್ಟು ಕೊಟ್ಟೆ, ಎಷ್ಟು ಉಳಿಯಿತು ಅಂತ ಮಿಲಿಲೀಟರ್ ಲೆಕ್ಕದಲ್ಲಿ ನಾನು ರಿಜಿಸ್ಟರ್ ಬರೆಯುತ್ತೇನೆ. ಹಾಗಾಗಿ "ಸ್ವಲ್ಪ ಹಾಕಿ ಕಾಕಾ" ಅಂದರೆ ಹಾಕುವುದಿಲ್ಲ.

ಬೆಂಚ್ ಒರೆಸಲು ಎಥನಾಲ್ ಯಾಕೆ? ಐಸೊಪ್ರೊಪನಾಲ್ ತಗೊಳ್ಳಿ, ಕೆಲಸ ನಡೆಯುತ್ತದೆ. ಡಿನೇಚರ್ಡ್ ಸ್ಪಿರಿಟ್, ಅಂದರೆ ಕುಡಿಯಲು ಬಾರದಂತೆ ಬೇರೆ ವಸ್ತು ಬೆರೆಸಿದ್ದು, ಬರ್ನರ್‌ಗೆ ಸರಿ, ಯುವಿ ರೀಡಿಂಗ್‌ಗೆ, ಡಿಎನ್ಎ ಕೆಲಸಕ್ಕೆ ಬೇಡ. ಅದರಲ್ಲಿ ಬೆರೆಸಿದ್ದೇ ನಿಮ್ಮ ಫಲಿತಾಂಶದಲ್ಲಿ ಕಾಣುತ್ತದೆ.

ಬೇರೆ ಯಾವುದಕ್ಕೆ ಕಟ್ಟುನಿಟ್ಟು ಇದೆ?

ಅಸಿಟಿಕ್ ಅನ್‌ಹೈಡ್ರೈಡ್. ಆಸ್ಪಿರಿನ್ ಮಾಡುವ ಪ್ರಾಕ್ಟಿಕಲ್‌ಗೆ ಎಲ್ಲ ಕಾಲೇಜಿಗೂ ಬೇಕು. ಆದರೆ ಅದರಿಂದಲೇ ಹೆರಾಯಿನ್ ಕೂಡ ಮಾಡುತ್ತಾರೆ. ಅದಕ್ಕೇ 2013ರ ನಿಯಂತ್ರಿತ ವಸ್ತುಗಳ ಆದೇಶದ ಎ ಪಟ್ಟಿಯಲ್ಲಿ ಅದು, ಅಂಥ್ರಾನಿಲಿಕ್ ಆಸಿಡ್, ಎಫಿಡ್ರಿನ್ ಎಲ್ಲ ಇವೆ. ಸಪ್ಲೈಯರ್ ಒಂದು ಘೋಷಣೆ ಕೇಳುತ್ತಾನೆ, ಗುರುತಿನ ಕಾಗದ ಕೇಳುತ್ತಾನೆ, ಕೊಡಿ.

ಆಸಿಡ್‌ನ ವಿಷಯದಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮಗೂ ಅನ್ವಯ. ಆಸಿಡ್ ದಾಳಿ ತಡೆಯಲು ಕೊಟ್ಟ ಆದೇಶ ಅದು. ಕಾಲೇಜು, ಲ್ಯಾಬ್‌ಗಳು ಆಸಿಡ್ ಬಳಕೆಯ ರಿಜಿಸ್ಟರ್ ಇಡಬೇಕು, ಒಬ್ಬರು ಅದಕ್ಕೆ ಜವಾಬ್ದಾರರಾಗಿರಬೇಕು, ಲ್ಯಾಬಿನಿಂದ ಹೊರಗೆ ಹೋಗುವವರನ್ನು ತಪಾಸಣೆ ಮಾಡಬೇಕು. ನಮ್ಮಲ್ಲಿ ಆ ಒಬ್ಬರು ನಾನು. ನಿಮ್ಮ ಬ್ಯಾಗ್ ನೋಡುತ್ತೇನೆ ಅಂದರೆ ಸಿಟ್ಟಾಗಬೇಡಿ.

ಸೈನೈಡ್‌ನಂಥ ವಿಷಗಳು ಬೀಗದ ಕಪಾಟಿನಲ್ಲಿ, ಎರಡು ಸಹಿಯ ಮೇಲೆ. ಅಮೋನಿಯಂ ನೈಟ್ರೇಟ್‌ಗೆ 2012ರ ಪ್ರತ್ಯೇಕ ನಿಯಮ ಇದೆ. ಇವು ಬೇಕು ಅನ್ನುವವರು ಮೊದಲು ಗೈಡ್ ಜೊತೆ ಕೂತು, ಬೇರೆ ದಾರಿ ಇದೆಯಾ ನೋಡಿ.

ದೊಡ್ಡ ಬಾಟಲಿ ಅಗ್ಗ ಅಲ್ವಾ?

ಅಂಗಡಿಯಲ್ಲಿ ಅಗ್ಗ. ಲ್ಯಾಬಿನಲ್ಲಿ ಅಲ್ಲ.

ಡೈಈಥೈಲ್ ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ಪುಣೆಯ ಏಪ್ರಿಲ್ ಮಧ್ಯಾಹ್ನ 38, 39 ಮುಟ್ಟುತ್ತದೆ. ಒಬ್ಬರು ರೇಟು ಕಡಿಮೆ ಅಂತ 2.5 ಲೀಟರಿನ ಬಾಟಲಿಗಳನ್ನು ತರಿಸಿ, ಪಶ್ಚಿಮದ ಕಿಟಕಿ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಕಪಾಟಿನ ಬಾಗಿಲು ತೆಗೆದೆ, ಮುಖಕ್ಕೆ ಸಿಹಿ ವಾಸನೆ ಹೊಡೆಯಿತು. ಒಂದು ಬಾಟಲಿಯ ಮುಚ್ಚಳದ ಸುತ್ತ ಸುಸ್ ಅಂತ ಸದ್ದು. ಎರಡು ಬಾಗಿಲು ಆಚೆ ಹುಡುಗರು ಬರ್ನರ್ ಹಚ್ಚಿಕೊಂಡು ಕೂತಿದ್ದರು! ಬರ್ನರ್ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆಗೆಸಿದೆ. ಅವತ್ತು ಸ್ವಿಚ್ ಮುಟ್ಟಲು ಯಾರಿಗೂ ಬಿಡಲಿಲ್ಲ, ಫ್ಯಾನ್ ಕೂಡ ಹಾಕಿಸಲಿಲ್ಲ. ಈಗ ಈಥರ್ 500 ಮಿಲಿ ಬಾಟಲಿಯಲ್ಲಿ ಮಾತ್ರ, ಬೇಸಿಗೆಯಲ್ಲಿ ಒಂದಕ್ಕಿಂತ ಜಾಸ್ತಿ ಇಡುವುದಿಲ್ಲ.

ಈಥರ್, ಟಿಎಚ್ಎಫ್‌ನಂಥ ಸಾಲ್ವೆಂಟ್ ಗಾಳಿಗೆ ತೆರೆದುಕೊಂಡು ಕೂತರೆ ಸಿಡಿಯುವಂಥ ಪೆರಾಕ್ಸೈಡ್ ಕಟ್ಟುತ್ತದೆ. ಸೀಲ್ ಒಡೆದ ದಿನ ಲೇಬಲ್ ಮೇಲೆ ತಾರೀಖು ಬರೆಯಿರಿ. ಮುಚ್ಚಳದ ಸುತ್ತ ಹರಳು ಕಂಡರೆ ತಿರುಗಿಸಬೇಡಿ, ಮುಟ್ಟಲೇಬೇಡಿ, ನನ್ನನ್ನು ಕರೆಯಿರಿ. ಇನ್ನು ಮಳೆಗಾಲ. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ, ಕ್ಯಾಲ್ಸಿಯಂ ಕ್ಲೋರೈಡ್ ಇವುಗಳ ದೊಡ್ಡ ಡಬ್ಬಿ ಜುಲೈಯಲ್ಲಿ ತೆರೆದರೆ ಆಗಸ್ಟಿಗೆ ಬೆಲ್ಲದ ಪಾಕದ ಹಾಗೆ ಆಗಿರುತ್ತದೆ.

ಪಾರ್ಸೆಲ್ ಗೇಟಿಗೆ ಬಂದಿದೆ, ಸಹಿ ಮಾಡಲಾ?

ತೆರೆದು ನೋಡದೆ ಬೇಡ. ಡೆಲಿವರಿ ಹುಡುಗನಿಗೆ ಆತುರ ಇರುತ್ತದೆ, ಇರಲಿ. ಮೊದಲು ಡಬ್ಬದ ತಳ ನೋಡಿ. ಒಮ್ಮೆ ಸಲ್ಫ್ಯೂರಿಕ್ ಆಸಿಡ್‌ನ ಡಬ್ಬದ ತಳ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕಾಗದ ಪುಡಿಯಾಗುತ್ತಿತ್ತು. ವಾಚ್‌ಮನ್ ಸಹಿ ಮಾಡಿಬಿಟ್ಟಿದ್ದ. ನಾಲ್ಕು ತಿಂಗಳು ಪತ್ರ ಬರೆದರೂ ಅಂಗಡಿಯವರು ಬದಲಿ ಕೊಡಲಿಲ್ಲ, "ನಿಮ್ಮವರೇ ಸರಿಯಾಗಿದೆ ಅಂತ ಸಹಿ ಹಾಕಿದ್ದಾರೆ" ಅಂದರು. ಇಂಥ ಡಬ್ಬ ಬಂದರೆ ಎತ್ತಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಸಾಂದ್ರತೆ 1.84 ಇರುವ ಆಸಿಡ್ ಅದು, 2.5 ಲೀಟರ್ ಅಂದರೆ ನಾಲ್ಕೂವರೆ ಕಿಲೋ ಮೀರಿ ಭಾರ. ನೀರಿನ ಬಾಟಲಿ ಅಂದುಕೊಂಡು ಎತ್ತಿದರೆ ಕೈ ಜಾರುತ್ತದೆ.

ಸರಿಯಾಗಿದ್ದರೆ ಲೇಬಲ್, ಕ್ಯಾಸ್ ನಂಬರ್, ಬ್ಯಾಚ್, ಅವಧಿ ಎಲ್ಲ ಆರ್ಡರ್ ಜೊತೆ ತಾಳೆ ನೋಡಿ. ಸೇಫ್ಟಿ ಡೇಟಾ ಶೀಟ್ ಕೇಳಿ ಇಟ್ಟುಕೊಳ್ಳಿ. ಆಮೇಲೆ ಚಲನ್ ಮೇಲೆ ಸಹಿ, ತಾರೀಖು.

ಗ್ಯಾಸ್ ಸಿಲಿಂಡರ್?

ಸಿಲಿಂಡರ್ ನಿಮ್ಮದಲ್ಲ, ಬಾಡಿಗೆಯದ್ದು. ಖಾಲಿಯಾದ ಮೇಲೂ ಬಾಡಿಗೆ ಓಡುತ್ತಿರುತ್ತದೆ, ಮೂಲೆಯಲ್ಲಿ ಮರೆತು ಬಿಡಬೇಡಿ. ದೊಡ್ಡದರಲ್ಲಿ ಸುಮಾರು 7 ಘನ ಮೀಟರ್ ಅನಿಲ ಇರುತ್ತದೆ. ಹೈಡ್ರೋಜನ್ ಕೆಂಪು, ಆಕ್ಸಿಜನ್ ಕಪ್ಪು, ನೈಟ್ರೋಜನ್ ಬೂದು, ಆದರೂ ಬಣ್ಣದ ಜೊತೆ ಹೆಸರೂ ಓದಿ. ಹೈಡ್ರೋಜನ್ ಸಿಲಿಂಡರಿನ ತಿರುಪು ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿ. ನೈಟ್ರೋಜನ್ ರೆಗ್ಯುಲೇಟರ್ ಅದಕ್ಕೆ ಕೂರುವುದಿಲ್ಲ, ಕೂರಬಾರದು ಅಂತಲೇ ಹಾಗೆ ಮಾಡಿರುವುದು. ಗೋಡೆಗೆ ಸರಪಳಿ ಇಲ್ಲದ ಕೋಣೆಗೆ ನಾನು ಸಿಲಿಂಡರ್ ಕಳಿಸುವುದಿಲ್ಲ.

ಧಾರವಾಡದ ನನ್ನ ಹಳೆಯ ಲ್ಯಾಬಿನಲ್ಲಿ ಆ ಕೆಮಿಕಲ್ ಇದೆ. ಬರುವಾಗ ಬ್ಯಾಗಿನಲ್ಲಿ ತರಲಾ?

ಬೇಡ ಮಾರಾಯ. ರೈಲಿನಲ್ಲಿ ಅಪಾಯದ ವಸ್ತು ಒಯ್ದರೆ 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಲ್ಲಿ 3 ವರ್ಷದವರೆಗೆ ಜೈಲು ಇದೆ. ಬಸ್ಸಿನಲ್ಲೂ ಅಷ್ಟೇ ತಪ್ಪು. ರಾತ್ರಿ ಬಸ್ಸಿನಲ್ಲಿ ಖಂಬಾಟಕಿ ಘಾಟ್ ಇಳಿಯುವಾಗ ಮೇಲಿನ ಕ್ಯಾರಿಯರ್‌ನಿಂದ ನಿಮ್ಮ ಬ್ರೋಮಿನ್ ಬಾಟಲಿ ಬಿದ್ದರೆ? ರೊಟ್ಟಿ, ಶೇಂಗಾ ಚಟ್ನಿ ತನ್ನಿ, ನನಗೂ ಒಂದು ಡಬ್ಬಿ ಇರಲಿ.

ಬಿಲ್ ಪಾಸ್ ಆಗ್ತಿಲ್ಲ.

ನೂರಕ್ಕೆ ತೊಂಬತ್ತು ಸಲ ಸ್ಟಾಕ್ ರಿಜಿಸ್ಟರಿನ ಪುಟ ನಂಬರ್ ಬಿಲ್ ಹಿಂದೆ ಬರೆದಿರುವುದಿಲ್ಲ. ಕೆಮಿಕಲ್, ಗಾಜು ಕನ್ಸ್ಯೂಮಬಲ್, ಅಂದರೆ ಬಳಸಿ ಮುಗಿಯುವ ಸಾಮಾನಿನ ರಿಜಿಸ್ಟರಿಗೆ, ತಕ್ಕಡಿ, ಪಿಎಚ್ ಮೀಟರ್ ಡೆಡ್‌ಸ್ಟಾಕ್, ಅಂದರೆ ಬಹುಕಾಲ ಉಳಿಯುವ ಸಾಮಾನಿನ ರಿಜಿಸ್ಟರಿಗೆ. ಉಳಿದ ಹತ್ತು ಸಲ ಆರ್ಡರಿನ ತಾರೀಖಿಗಿಂತ ಬಿಲ್ಲಿನ ತಾರೀಖು ಹಿಂದಿನದು, ಅಂದರೆ ನೀವು ಫೋನಲ್ಲಿ ತರಿಸಿ ಆಮೇಲೆ ಕಾಗದ ಮಾಡಿದ್ದೀರಿ. ಇದಕ್ಕೆ ನನ್ನ ಹತ್ತಿರ ಔಷಧ ಇಲ್ಲ.

ಹಳೆಯ ಕೆಮಿಕಲ್ ಏನು ಮಾಡಲಿ? ಸಿಂಕಿಗೆ ಸುರಿಯಲಾ?

ಪದವಿ ಮುಗಿಸಿ ಹೋಗುವವರು ಕೇಳುವ ಪ್ರಶ್ನೆ ಇದು, ಸುಮ್ನೆ ಬಿಟ್ಟು ಹೋಗುವವರೇ ಹೆಚ್ಚು. ಸಿಂಕಿಗೆ ಬೇಡ, ಕಸದ ಬುಟ್ಟಿಗೂ ಬೇಡ. ಸಾಲ್ವೆಂಟ್ ತ್ಯಾಜ್ಯದಲ್ಲಿ ಕ್ಲೋರಿನ್ ಇರುವುದು ಒಂದು ಕ್ಯಾನ್, ಇಲ್ಲದ್ದು ಇನ್ನೊಂದು. ಆಸಿಡ್ ಬೇರೆ. ಪಾದರಸ ಬೇರೆ. ನಾವು ಸೇರಿಸಿಟ್ಟು ಪಟ್ಟಿ ಮಾಡಿ, 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ರಾಂಜಣಗಾಂವ್ ಎಂಐಡಿಸಿ ಕೈಗಾರಿಕಾ ಪ್ರದೇಶದ ವಿಲೇವಾರಿ ಘಟಕಕ್ಕೆ ಕಳಿಸುತ್ತೇವೆ. ಅದಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು ನಾವೇ ಕೊಡಬೇಕು, ಕೊಂಡ ಬೆಲೆಗಿಂತ ಜಾಸ್ತಿ ಕೊಟ್ಟಿದ್ದೂ ಇದೆ.

ಲೇಬಲ್ ಹೋದ ಬಾಟಲಿಯನ್ನು ಅವರು ಮುಟ್ಟುವುದೇ ಇಲ್ಲ. ಅಂಥವು ನನ್ನ ಹಿಂದಿನ ಕಪಾಟಿನಲ್ಲಿ ಹನ್ನೊಂದು ಇವೆ. ಒಂದರ ಮೇಲೆ ಯಾರೋ ಪೆನ್ಸಿಲ್‌ನಲ್ಲಿ ಬರೀ "ನನ್ನದು" ಅಂತ ಬರೆದು ಹೋಗಿದ್ದಾರೆ. ಕನ್ನಡದಲ್ಲೇ. ನಿಮ್ಮದಾಗಿದ್ದರೆ ದಯವಿಟ್ಟು ಬಂದು ಅದರಲ್ಲಿ ಏನಿದೆ ಅಂತ ಹೇಳಿ ಹೋಗಿ.